ಹೆಂಡ ಬಿಡಿಸುವ ಗುಡಿಯಲ್ಲಿ ಅಕ್ಕ

1983ರ ಜುಲೈ ತಿಂಗಳ ಎರಡನೇ ಸೋಮವಾರ, ಜಗಳೂರು ತಾಲ್ಲೂಕಿನ ಒಂದು ಗುಡಿಯಲ್ಲಿ, ನನ್ನ ಅಕ್ಕ ಅಂಗೈಯಲ್ಲಿ ವಿಭೂತಿ ಹಿಡಿದು ಇನ್ನು ಮುಂದೆ ನೋವಿನ ಮಾತ್ರೆ ಮುಟ್ಟುವುದಿಲ್ಲ ಎಂದು ಆಣೆ ಮಾಡಿದಳು. ಅದು ಕುಡುಕರಿಗೆ ಹೆಂಡ ಬಿಡಿಸುವ ಗುಡಿ. ಅಕ್ಕನ ಅತ್ತೆಯ ತವರಿನ ದೇವರು. ಅವತ್ತು ಸಾಲಿನಲ್ಲಿ ನಿಂತವರಲ್ಲಿ ಹೆಂಗಸು ಅವಳೊಬ್ಬಳೇ. ಸೊಂಟ ಮುರಿದಿದ್ದ ಅವಳನ್ನು ನ್ಯಾಮತಿಯಿಂದ ಅಲ್ಲಿಗೆ ಮೂರು ಬಸ್ಸು ಬದಲಿಸಿ ಕರೆದೊಯ್ದಿದ್ದರು.

ಸೊಂಟ ಮುರಿದದ್ದು 1978ರಲ್ಲಿ, ಟ್ರ್ಯಾಕ್ಟರಿನ ಟ್ರೇಲರ್ ಮಗುಚಿ. ಮೂಳೆ ಕೂಡಿತು, ಸೊಟ್ಟಗೆ ಕೂಡಿತು. ನೋವು ಉಳಿಯಿತು. ಅಕ್ಕ ನ್ಯಾಮತಿಯ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು, ಕಾಲಿನಿಂದ ತುಳಿಯುವ ಮಿಷನ್ನಿನಲ್ಲಿ. ಮೊದಮೊದಲು ಒಂದು ರವಿಕೆ ಮುಗಿಯುವಷ್ಟರಲ್ಲಿ ನಾಲ್ಕು ಸಲ ಎದ್ದು ನಿಲ್ಲುತ್ತಿದ್ದಳು. ಆಮೇಲೆ ಕೂರಲೇ ಆಗದಂತಾಯಿತು. ಮೂರು ವರ್ಷ ಎಣ್ಣೆ, ಪಟ್ಟು, ಇಂಜೆಕ್ಷನ್ನು ಎಲ್ಲ ಆದವು. ಕೊನೆಗೆ ಹೊನ್ನಾಳಿಯ ವಯಸ್ಸಾದ ಡಾಕ್ಟರೊಬ್ಬರು ಕೋಡೀನ್ ಮಾತ್ರೆ ಬರೆದುಕೊಟ್ಟರು. ನಾನು ಜೊತೆಯಲ್ಲಿದ್ದೆ.

“ಇದರಾಗೆ ಒಳ್ಳೇದೂ ಐತೆ, ಕೆಟ್ಟದ್ದೂ ಐತೆ ತಾಯಿ. ಹೊಟ್ಟೆ ಕಟ್ಟತೈತೆ, ಮಂಪರು ಬರ್ತೈತೆ. ದಿನಾ ತಗಂಡ್ರೆ ಮೈ ಒಗ್ಗಿಬಿಡ್ತೈತೆ. ದಿನಕ್ಕೆ ಎರಡು. ಮೂರನೇದು ಬೇಕು ಅನ್ಸಿದ್ರೆ ನನ್ ಹತ್ರ ಬಾ, ಅಂಗಡಿಗೆ ಹೋಗಬೇಡ. ಬಿಡಬೇಕಾದ್ರೂ ನನ್ನ ಕೇಳೇ ಬಿಡಬೇಕು. ಒಂದೇ ಸಲಕ್ಕೆ ಬಿಡಂಗಿಲ್ಲ.”

“ನೋವು ಹೋಗ್ತೈತೇನ್ರಿ?” ಅಕ್ಕ ಕೇಳಿದಳು.

“ಪೂರ್ತಿ ಹೋಗಲ್ಲ. ಮಿಷನ್ ತುಳಿಯಾಕೆ ಆಗ್ತೈತೋ ಇಲ್ವೋ, ಅಷ್ಟೇ ನೋಡಾಣ. ಆಗ್ಲಿಲ್ಲಾಂದ್ರೆ ನಿಲ್ಸಾಣ. ಬರೀ ಮಲಗಾಕೆ ಇದನ್ನ ಕೊಡಲ್ಲ ನಾನು.”

ಆಮೇಲೆ ತಿಂಗಳಿಗೊಮ್ಮೆ ಹೋದಾಗಲೆಲ್ಲ ಅವರು ಮೊದಲು ಕೇಳುತ್ತಿದ್ದುದು ಎಷ್ಟು ರವಿಕೆ ಹೊಲಿದೆ ಎಂದು. ಅಕ್ಕ ಮತ್ತೆ ಹೊಲಿಯತೊಡಗಿದ್ದಳು. ಒಂದು ವಾರ ಮಾತ್ರ, ಮದುವೆ ಸೀಸನ್ನಿನಲ್ಲಿ, ದಿನಕ್ಕೆ ಮೂರು ನುಂಗಿದಳು. ತಾನೇ ಹೋಗಿ ಹೇಳಿದಳು. ಡಾಕ್ಟರು ಗದರಿ ಎರಡಕ್ಕೆ ಇಳಿಸಿದರು. ಬರುವ ದೀಪಾವಳಿ ಕಳೆದ ಮೇಲೆ ಅರ್ಧರ್ಧ ಮಾತ್ರೆಯಂತೆ ಕಡಿಮೆ ಮಾಡಿ ನೋಡೋಣ ಎಂದರು. ಉಪಯೋಗ, ಅಪಾಯ ಎರಡನ್ನೂ ತೂಗಿ ನೋಡುವವರು ಒಬ್ಬರಿದ್ದರು.

ಕೆಡಿಸಿದವನು ನಾನು. 1983ರ ಯುಗಾದಿಗೆ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ, ಕೋಡೀನ್ ಮಾಡುವುದು ಅಫೀಮಿನಿಂದ ಎಂದು ಹೇಳಿಬಿಟ್ಟೆ. ಚನ್ನಗಿರಿಯಿಂದ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ, ತಿಳಿದದ್ದನ್ನು ಹೇಳುವ ಚಾಳಿ ಇತ್ತು. ಪಕ್ಕದ ಎಲೆಗೆ ಭಾವನ ಅಣ್ಣ ಕೂತಿದ್ದ. ಎರಡು ವರ್ಷದ ಹಿಂದೆ ಅವನಿಗೆ ಹೆಂಡ ಬಿಡಿಸಿದ್ದು ಅದೇ ಗುಡಿ.

“ಓಹೋ, ಹಂಗಾದ್ರೆ ನಮ್ಮನ್ಯಾಗೆ ನಾನೊಬ್ನೇ ಅಲ್ಲ ಅಂತಾತು!” ಎಂದು ನಕ್ಕ. ಅಕ್ಕನ ಅತ್ತೆ ನಗಲಿಲ್ಲ. ಜುಲೈನಲ್ಲಿ ಅಕ್ಕನನ್ನೂ ಅದೇ ಗುಡಿಗೆ ಕರೆದೊಯ್ದರು.

ಆಣೆಯಾದ ನಾಲ್ಕನೇ ದಿನ ಭಾವ ಹೇಳಿಕಳಿಸಿದ. ಹೋಗಿ ನೋಡಿದರೆ ಅಕ್ಕ ಬೆವರಿ ತೊಯ್ದುಹೋಗಿದ್ದಳು. ನಡುಕ, ವಾಂತಿ, ಭೇದಿ. ಕುಡಿಸಿದ ನೀರು ನಿಲ್ಲುತ್ತಿರಲಿಲ್ಲ.

“ನೋಡಪ್ಪಾ,” ಎಂದರು ಅತ್ತೆ. “ಹೆಂಡ ಬಿಟ್ಟಾಗ ನಮ್ಮ ದೊಡ್ಡೋನೂ ಹಿಂಗೇ ನಡುಗ್ತಿದ್ದ. ಚಟ ಅಲ್ದೆ ಇನ್ನೇನಿದು?”

“ಚಟ ಅಲ್ರೀ. ಒಗ್ಗಿದ ಔಷಧಿ ಒಂದೇ ಸಲ ಕಿತ್ಕಂಡ್ರೆ ಹಿಂಗಾಗ್ತೈತೆ. ಡಾಕ್ಟ್ರು ಹೇಳಿರಲಿಲ್ವಾ?”

“ಅಫೀಮು ಅಂದೋನೂ ನೀನೇ. ಈಗ ಔಷಧಿ ಅನ್ನೋನೂ ನೀನೇ.”

ಆ ಮನೆಯಲ್ಲಿ ಭಾವ ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಿದ್ದ. ಅತ್ತೆಯ ದವಡೆಯಲ್ಲಿ ಹೊಗೆಸೊಪ್ಪು ಇಲ್ಲದ ಗಳಿಗೆ ಇರಲಿಲ್ಲ. ಅವರನ್ನು ಯಾರೂ ಬಸ್ಸು ಹತ್ತಿಸಲಿಲ್ಲ. ಐದು ವರ್ಷ ಅಕ್ಕ ಹಲ್ಲು ಕಚ್ಚಿ ಓಡಾಡಿದ್ದನ್ನು ನೋಡದವರು, ನಾಲ್ಕು ದಿನದ ನಡುಕವನ್ನು ಕಣ್ಣರಳಿಸಿ ನೋಡಿ ಅಕ್ಕಪಕ್ಕದವರನ್ನೂ ಕರೆದು ತೋರಿಸಿದ್ದರು.

ಹೊನ್ನಾಳಿಗೆ ಹೋಗಿ ಡಾಕ್ಟರನ್ನು ಕರೆತಂದೆ. ಅವರು ಗ್ಲೂಕೋಸ್ ಬಾಟಲಿ ಏರಿಸಿ, ಅತ್ತೆ ಅದೇ ಹೆಂಡದ ಮಾತು ಎತ್ತಿದಾಗ ನಡುಮನೆಯಲ್ಲಿ ನಿಂತೇ ಬೈದರು.

“ನಿಮ್ಮ ದೊಡ್ಡೋನು ಕುಡಿದು ಕೆಲಸ ಬಿಟ್ಟ. ಈಕೆ ಮಾತ್ರೆ ತಗಂಡು ಕೆಲಸ ಮಾಡಿದ್ಲು. ಅಷ್ಟೂ ತಿಳಿಯಲ್ವೇನ್ರಿ ನಿಮಗೆ?” ಆಮೇಲೆ ಅಕ್ಕನ ಕಡೆ ತಿರುಗಿದರು. “ಇವತ್ತು ಮತ್ತೆ ಶುರು ಮಾಡಾಣ ತಾಯಿ. ಬಿಡಬೇಕು ಅಂತಿದ್ರೆ ಎರಡು ತಿಂಗಳು ಇಟ್ಕಂಡು ನಿಧಾನಕ್ಕೆ ಬಿಡ್ಸಾಣ.”

“ಬ್ಯಾಡ್ರಿ ಡಾಕ್ಟ್ರೇ.”

“ಆಣೆ ಮಾಡ್ಸಿದ್ದು ಅವ್ರು ಕಣಕ್ಕಾ,” ಎಂದೆ.

“ಮಾಡ್ಸಿದ್ದು ಅವ್ರು. ಬಾಯಿ ನಂದಲ್ವೇನೋ? ನಾಳೆ ಈ ಮನ್ಯಾಗೆ ಹುಡ್ರಿಗೆ ಜ್ವರ ಬಂದ್ರೂ, ಆಕಳು ಸತ್ರೂ, ಇವಳು ಆಣೆ ಮುರಿದ್ಲು ಅದಕ್ಕೇ ಅಂತಾರೆ. ಅದನ್ನ ಕೇಳೋದಕ್ಕಿಂತ ಈ ನೋವೇ ವಾಸಿ.”

ಅತ್ತೆ ಅಲ್ಲೇ ನಿಂತಿದ್ದರು. ಹಂಗೇನೂ ಅನ್ನಲ್ಲ ಕಣವ್ವ ಎಂದು ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಭಾವನೂ ಹೇಳಲಿಲ್ಲ.

ನಡುಕ, ಭೇದಿ ಎಂಟು ದಿನಕ್ಕೆ ನಿಂತವು. ಶ್ರಾವಣದಲ್ಲಿ ಬಂದ ರವಿಕೆ ಬಟ್ಟೆಗಳನ್ನು ಅಕ್ಕ ಹೊಲಿಯದೆ ವಾಪಸು ಕಳಿಸಿದಳು. ಆಮೇಲೆ ಯಾರೂ ತರಲಿಲ್ಲ.

ಇದನ್ನು ಬರೆಯುತ್ತಿರುವ 1987ರ ಕೊನೆಯವರೆಗೆ ನನಗೆ ತಿಳಿದಂತೆ ಅವಳು ಮಾತ್ರೆ ಮುಟ್ಟಿಲ್ಲ. ನೆಲದ ಮೇಲೆ ಕೂರಲಾರಳು. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಉಣ್ಣುತ್ತಾಳೆ.