ಕೊನೇ ಪಂಕ್ತಿಯವರ ಓಟು

ಬನ್ನಿ, ಕಾಫಿ ಲೋಟ ಹಿಡ್ಕೊಂಡು ಹೀಗೆ ಹತ್ತಿರ ಕೂತ್ಕೊಳ್ಳಿ, ನನ್ನ ಓಟಿನ ಕಥೆ ಹೇಳ್ತೀನಿ.

ಅಮೆರಿಕದ ಅಧ್ಯಕ್ಷರ ಎಲೆಕ್ಷನ್ ಹತ್ತಿರ ಬಂದಿತ್ತು. ಇಲ್ಲಿ ನಾವಿರೋ ನಾರ್‌ಕ್ರಾಸ್ ಊರಲ್ಲಿ ನಮ್ಮ ಪಕ್ಕದ ಮನೆ ಶಂಕರ, ಅವನ ಹೆಂಡತಿ ವಸುಧಾ, ಇಬ್ಬರೂ ಟ್ಯಾಕ್ಸ್ ವಿಷಯಕ್ಕೆ ಜಗಳ ಆಡಿ ಮಾತೇ ಬಿಟ್ಟಿದ್ದರು. ನಾನೇ ಇಬ್ಬರನ್ನೂ ಅಕ್ಕಿ ರೊಟ್ಟಿಗೆ ಕರೆದೆ.

"ಕಂಪನಿಗಳಿಗೆ ಟ್ಯಾಕ್ಸ್ ಕಮ್ಮಿ ಮಾಡಿದ್ರೆ ಲಾಭ ಕೆಳಗಿನೋರಿಗೂ ಇಳಿದು ಬರುತ್ತೆ ಅಜ್ಜಿ," ಅಂದ ಶಂಕರ.

"ಮದುವೆ ಊಟದಲ್ಲಿ ಕೊನೇ ಪಂಕ್ತಿಗೆ ಕೂತಿದ್ದೀಯೇನೋ? ಅಲ್ಲಿಗೆ ಬರೋದು ಬರೀ ತಿಳಿಸಾರು."

ವಸುಧಾ ನಕ್ಕಳು. "ಅದಕ್ಕೇ ಅಜ್ಜಿ, ನಮ್ಮ ಕ್ಯಾಂಡಿಡೇಟ್ ಮಕ್ಕಳಿರೋ ಮನೆಗೆಲ್ಲ ದುಡ್ಡು ಕೊಡ್ತೀವಿ ಅಂತಾರೆ."

"ಎಲ್ಲ ಪಂಕ್ತಿಗೂ ಹೋಳಿಗೆ ಬಡಿಸೋದು ಸರಿ ಕಣೇ, ಬೇಳೆ ಯಾರು ತರ್ತಾರೆ?"

ಈಗ ಶಂಕರ ನಕ್ಕ.

"ಅದಿರಲಿ, ನೀವಿಬ್ಬರೂ ಓಟು ಹಾಕೋಕೆ ಎಷ್ಟು ಹೊತ್ತಿಗೆ ಹೋಗ್ತೀರಿ?" ಅಂದೆ.

ಇಬ್ಬರೂ ತಟ್ಟೆ ನೋಡಿದರು. "ನಾವು ವೀಸಾದವರು ಅಜ್ಜಿ, ನಮಗೆಲ್ಲಿ ಓಟು?" ಅಂದ ಶಂಕರ.

ಓಟೇ ಇಲ್ಲದೆ ಮಾತು ಬಿಟ್ಟಿದ್ದವಲ್ಲ ಇವು! ಮೂವರಲ್ಲಿ ಸಿಟಿಜನ್ ಆಗಿದ್ದವಳು ನಾನೊಬ್ಬಳೇ. ಓಟಿನ ದಿನ ಇಬ್ಬರೂ ಒಂದೇ ಕಾರಲ್ಲಿ ನನ್ನ ಕರ್ಕೊಂಡು ಹೋದರು, ದಾರಿಯುದ್ದಕ್ಕೂ ಒಬ್ಬೊಬ್ಬರು ಒಂದೊಂದು ಕಿವಿ ಊದಿದರು. ಮಿಷನ್ ಮುಂದೆ ಒಬ್ಬಳೇ ನಿಂತು ಒತ್ತಿ ಬಂದೆ.

ಗೆದ್ದವರು ವೈಟ್ ಹೌಸಿಗೆ ಹೋದರು, ಸೋತವರು ತಮ್ಮ ಮನೆಗೆ ಹೋದರು. ಶಂಕರ, ವಸುಧಾ ಈಗ ಮಾತಾಡ್ತಾರೆ, ಹೆಚ್ಚಾಗಿ ಅಜ್ಜಿ ಯಾರಿಗೆ ಒತ್ತಿದಳು ಅಂತಲೇ. ಅವರ ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ, ಪಾಪ, ಅವರೂ ಕೊನೇ ಪಂಕ್ತಿಯವರೇ. ನಾನಂತೂ ಬಾಯಿ ಬಿಟ್ಟಿಲ್ಲ. ಬಿಟ್ಟರೆ ಇಬ್ಬರಲ್ಲಿ ಒಬ್ಬರು ನನ್ನ ಹತ್ತಿರ ಮಾತು ಬಿಡ್ತಾರೆ.