ವಿದಾದ್ ಟೀಚರ್‌ಗೆ ಎರಡು ನಾಲಿಗೆ

ಬೆಳಕು ಹರಿಯುವ ಮುಂಚೆಯೇ ಅಬು ಫಾರಿಸ್‌ನ ವ್ಯಾನು ಐನ್ ಲೋಜ್ ಊರಿನ ತುದಿಗೆ ಬಂದು ನಿಂತಿದೆ. ಎದುರಿಗೆ ಸೈನಿಕರು ಕಾಯುವ ಕಬ್ಬಿಣದ ಗೇಟು. ನಿನ್ನೆ ಸಂಜೆ ತೆರೆದಿತ್ತು, ಇವತ್ತು ಮುಚ್ಚಿದೆ. ಯಾಕೆ ಮುಚ್ಚಿದರು ಎಂದು ಕೇಳುವ ರೂಢಿ ಈ ಊರಿನಲ್ಲಿ ಹೋಗಿ ಎಷ್ಟೋ ಕಾಲವಾಯಿತು. ಯಾವಾಗ ತೆಗೆಯುತ್ತಾರೆ ಎಂದಷ್ಟೇ ಕೇಳುತ್ತಾರೆ.

ವ್ಯಾನಿನೊಳಗೆ ಹನ್ನೆರಡನೇ ತರಗತಿಯ ಹುಡುಗಿಯರು ಒತ್ತೊತ್ತಾಗಿ ಕೂತಿದ್ದಾರೆ. ಇವತ್ತು ಅವರಿಗೆ ತೌಜೀಹಿ, ಅಂದರೆ ಶಾಲೆಯ ಕೊನೆಯ ಪರೀಕ್ಷೆ. ಇಂಗ್ಲಿಷ್ ಪತ್ರಿಕೆ. ಪರೀಕ್ಷಾ ಕೇಂದ್ರ ಇರುವುದು ಪಕ್ಕದ ಪಟ್ಟಣದಲ್ಲಿ. ಒಂಬತ್ತಕ್ಕೆ ಅಲ್ಲಿ ಬಾಗಿಲು ಹಾಕಿದರೆ ಮುಗಿಯಿತು, ಒಂದು ವರ್ಷ ನೀರಲ್ಲಿ ಹೋಮ. ಹುಡುಗಿಯರ ನಡುವೆ ಕೂತಿರುವ ವಿದಾದ್ ಸರ್ಹಾನ್ ಮಾತ್ರ ಗಡಿಯಾರ ನೋಡುತ್ತಿಲ್ಲ. ಒಬ್ಬೊಬ್ಬಳ ಬಾಯಲ್ಲೂ ಇಂಗ್ಲಿಷ್ ಕ್ರಿಯಾಪದ ಹೇಳಿಸುತ್ತಿದ್ದಾರೆ. ಅವರ ಕಾಲು ಮಾತ್ರ ಒಂದೆಡೆ ನಿಲ್ಲದೆ ಕುಣಿಯುತ್ತಿದೆ.

ವಿದಾದ್ ಹುಟ್ಟಿದ್ದು ಇದೇ ಊರಿನಲ್ಲಿ. ಹಲ್ಲು ಬೀಳುವ ವಯಸ್ಸಿಗೆ ಅಪ್ಪನ ಕೈ ಹಿಡಿದು ಅಮೆರಿಕದ ಪ್ಯಾಟರ್ಸನ್‌ಗೆ ಹೋದರು. ಅಪ್ಪನದು ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸ. ಶಾಲೆಯಲ್ಲಿ ವಿದಾದ್ ಇಂಗ್ಲಿಷಿನಲ್ಲಿ ಪದ್ಯ ಬರೆದು ಟೀಚರ ಕೈಲಿ ಶಹಬ್ಬಾಸ್ ಅನ್ನಿಸಿಕೊಂಡರೆ, ಅಮ್ಮನಿಗೆ ಅದರ ಒಂದಕ್ಷರ ತಿಳಿಯದು. ಮಗಳ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಹೊಗಳಬೇಕೋ ಬಯ್ಯಬೇಕೋ ಗೊತ್ತಾಗದೆ ವಾಪಸ್ಸು ಕೊಡುತ್ತಿದ್ದರಂತೆ. ಅಂದಿನಿಂದ ವಿದಾದ್ ಪ್ರತಿಯೊಂದನ್ನೂ ಎರಡು ಸಲ ಬರೆಯುತ್ತಾರೆ, ಒಮ್ಮೆ ಅರಬ್ಬಿಯಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ.

"ಅನುವಾದ ಅನ್ಬೇಡಿ," ಎನ್ನುತ್ತಾರೆ ಅವರು. "ಅವೆರಡೂ ಅಕ್ಕ-ತಂಗೀರು. ಒಬ್ಬಳ ಬಟ್ಟೆ ಇನ್ನೊಬ್ಬಳಿಗೆ ಆಗಲ್ಲ."

ಆರೇಳು ತೆಳ್ಳನೆಯ ಪುಸ್ತಕಗಳು ಬಂದಿವೆ. ಪ್ಯಾಟರ್ಸನ್‌ನ ಅಂಗಡಿಯವನು ಅವನ್ನು ಅರಬ್ಬಿ ಪುಸ್ತಕಗಳ ಮೂಲೆಗೆ ತಳ್ಳಿದ್ದಾನೆ, ರಮಲ್ಲಾದ ಅಂಗಡಿಯವನು ವಿದೇಶಿ ಪುಸ್ತಕಗಳ ಮೂಲೆಗೆ. ಅಮ್ಮ ತೀರಿಕೊಂಡ ವರ್ಷ ಆಲಿವ್ ಕೊಯ್ಲಿಗೆಂದು ಬಂದ ವಿದಾದ್ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಟೀಚರಿಲ್ಲದ್ದನ್ನು ಕಂಡು ಇಲ್ಲೇ ಉಳಿದುಬಿಟ್ಟರು. ನಸುಕಿನಲ್ಲಿ ಬರೆಯುತ್ತಾರೆ, ಹಗಲೆಲ್ಲ ಕಲಿಸುತ್ತಾರೆ.

ಗೇಟಿನ ಮುಂದೆ ಸಾಲು ಬೆಳೆಯುತ್ತಿದೆ. ಬಿಸಿಲೇರಿದಂತೆ ಅಬು ಫಾರಿಸ್‌ನ ತಾಳ್ಮೆ ಕರಗುತ್ತದೆ. ಮುಂದಿದ್ದ ಕಾರು ಪಕ್ಕಕ್ಕೆ ಸರಿದದ್ದೇ ತಡ, ಅವನು ವ್ಯಾನನ್ನು ಒಂದು ಮಾರು ಮುಂದಕ್ಕೆ ಬಿಡುತ್ತಾನೆ. ಅಷ್ಟೇ ಸಾಕಾಗುತ್ತದೆ. ಸೈನಿಕನೊಬ್ಬ ಬಂದೂಕು ಎತ್ತಿ ಕೂಗುತ್ತಾನೆ. ಇಂಜಿನ್ ಆರಿಸಿ ಅಬು ಫಾರಿಸ್‌ನನ್ನು ಕೆಳಗಿಳಿಸುತ್ತಾನೆ, ಬೀಗದಕೈ ಕಿತ್ತುಕೊಂಡು ಅವನನ್ನು ರಸ್ತೆಯ ಅಂಚಿನಲ್ಲಿ ಮಂಡಿಯೂರಿ ಕೂರಿಸುತ್ತಾನೆ. ವ್ಯಾನಿನೊಳಗೆ ಕ್ರಿಯಾಪದಗಳು ನಿಂತುಹೋಗುತ್ತವೆ.

ವಿದಾದ್ ಎರಡೂ ಅಂಗೈ ಕಾಣುವಂತೆ ಹಿಡಿದು ಇಳಿಯುತ್ತಾರೆ. ಹುಡುಗಿಯರಿಗೆ ಪರೀಕ್ಷೆಯಿದೆ, ಚಾಲಕ ಅವಸರಪಟ್ಟ, ತಪ್ಪಾಯಿತು ಎಂದು ಇಂಗ್ಲಿಷಿನಲ್ಲಿ ಹೇಳುತ್ತಾರೆ. ಆ ಇಂಗ್ಲಿಷಿನ ಧಾಟಿ ಕೇಳಿ ಸೈನಿಕ ತಲೆ ಎತ್ತುತ್ತಾನೆ. ಎಲ್ಲಿಯವಳು ಎಂದು ಕೇಳುತ್ತಾನೆ. ಪ್ಯಾಟರ್ಸನ್ ಅಂದರೆ ಅವನ ಮುಖ ಅರಳುತ್ತದೆ. ಅವನು ಬೆಳೆದದ್ದು ಅಲ್ಲಿಂದ ನಾಲ್ಕು ಊರಾಚೆಯಂತೆ. ಅಲ್ಲಿನ ಹಿಮದ ಬಗ್ಗೆ, ಜಲಪಾತದ ಬಗ್ಗೆ ನೆಂಟರ ಮನೆಗೆ ಬಂದವನಂತೆ ಮಾತಾಡುತ್ತಾನೆ. ಬೀಗದಕೈ ಅವನ ಬೆರಳಲ್ಲೇ ತಿರುಗುತ್ತಿರುತ್ತದೆ. ಅಬು ಫಾರಿಸ್ ಮಂಡಿಯ ಮೇಲೇ ಇದ್ದಾನೆ.

ಇಲ್ಲೇನು ಕೆಲಸ ಎಂದು ಸೈನಿಕ ಕೇಳಿದ್ದಕ್ಕೆ ವಿದಾದ್ ಬಾಯಿ ತೆರೆಯುವಷ್ಟರಲ್ಲಿ, ಕಿಟಕಿಯಿಂದ ತಾಲೀನ್ ಎಂಬ ಹುಡುಗಿ ತಾನು ಕಲಿತ ಇಂಗ್ಲಿಷನ್ನೆಲ್ಲ ಒಟ್ಟುಮಾಡಿ, ಅವರು ಕವಿ, ಪುಸ್ತಕ ಬರೆದಿದ್ದಾರೆ ಎಂದು ಹೆಮ್ಮೆಯಿಂದ ಹೇಳಿಬಿಡುತ್ತಾಳೆ.

"ಹೌದಾ? ಹಾಗಾದ್ರೆ ಒಂದು ಹೇಳು," ಎನ್ನುತ್ತಾನೆ ಸೈನಿಕ. "ಅರಬ್ಬಿಯಲ್ಲಿ. ಆಮೇಲೆ ಅರ್ಥ ಹೇಳು. ಚೆನ್ನಾಗಿದ್ರೆ ಕೀ ಕೊಡ್ತೀನಿ."

ವಿದಾದ್ ತಮ್ಮ ಕವಿತೆಗಳನ್ನು ಒಂದೊಂದಾಗಿ ನೆನೆಯುತ್ತಾರೆ. ಅಮ್ಮನ ಮೇಲೆ ಬರೆದದ್ದು ನಾಲಿಗೆಯ ತುದಿಯಲ್ಲೇ ಇದೆ. ಅದನ್ನು ಈ ಬಂದೂಕಿನ ಮುಂದೆ ಬಿಚ್ಚಲು ಮನಸ್ಸು ಬಾರದು. ಬಿಚ್ಚದಿದ್ದರೆ ಹುಡುಗಿಯರ ವರ್ಷ ಹೋಗುತ್ತದೆ. ಕೊನೆಗೆ ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು, ಗಂಭೀರವಾಗಿ ಶುರುಮಾಡುತ್ತಾರೆ:

"ಚನ್ನಂಗಿಯ ತೊಳೆಯಿರಿ, ಓ ನನ್ನ ಜನರೇ, ನೀರು ತಿಳಿಯಾಗುವ ತನಕ ತೊಳೆಯಿರಿ. ಈರುಳ್ಳಿ ಕಂದಲಿ, ಕರಕಲಾಗದಿರಲಿ, ಉರಿ ಸಣ್ಣಗಿರಲಿ..."

ಅದು ಮುಜದ್ದರಾ ಮಾಡುವ ವಿಧಾನ. ಅಕ್ಕಿ, ಚನ್ನಂಗಿ ಕಾಳು, ಹುರಿದ ಈರುಳ್ಳಿ ಸೇರಿಸಿ ಈ ಊರಿನ ಪ್ರತಿ ಮನೆಯಲ್ಲೂ ಬೇಯಿಸುವ ಊಟ. ಕಾರುಗಳ ಸಾಲಿನಲ್ಲಿ ಮೊದಲು ಯಾರಿಗೂ ತಿಳಿಯುವುದಿಲ್ಲ. ತಿಳಿದ ಮೇಲೆ ಯಾರೂ ಮುಖ ಎತ್ತುವುದಿಲ್ಲ. ಹುಡುಗಿಯರು ತುಟಿ ಕಚ್ಚಿ ಮಡಿಲು ನೋಡುತ್ತಾರೆ. ಹಿಂದಿನ ಕಾರಿನಿಂದ ಮುದುಕಿ ಹಾಜ್ಜಾ ಶಫೀಖಾ ಕೀರ್ತನೆಗೆ ದನಿಗೂಡಿಸುವವರಂತೆ ನಿಟ್ಟುಸಿರುಬಿಟ್ಟು, "ಜೀರಿಗೆ ಎಲ್ಲೇ, ಮಗಳೇ?" ಎನ್ನುತ್ತಾರೆ.

"ಜೀರಿಗೆಯ ಮರೆತವಳ ಮನೆಗೆ ಬೆಳಕು ಬಾರದಿರಲಿ," ಎಂದು ವಿದಾದ್ ದನಿ ಏರಿಸುತ್ತಾರೆ.

ಆಗಲೇ ಗೇಟಿನ ಬಳಿಯಿದ್ದ ಇನ್ನೊಬ್ಬ ಸೈನಿಕ ಇತ್ತ ನಡೆದುಬರುತ್ತಾನೆ. ಊರಿನವರಿಗೆಲ್ಲ ಅವನು ಗೊತ್ತು. ಅವನಿಗೆ ಅರಬ್ಬಿ ಬರುತ್ತದೆ. ನಿಲ್ಲಿಸಿದರೆ ಗುಟ್ಟು ರಟ್ಟಾದಂತೆ, ಹಾಗಾಗಿ ವಿದಾದ್ ನಿಲ್ಲಿಸುವುದಿಲ್ಲ. ಎಣ್ಣೆ, ಉಪ್ಪು, ಮುಚ್ಚಳ ಎಲ್ಲವನ್ನೂ ರಾಗವಾಗಿ ಮುಗಿಸುತ್ತಾರೆ. ಅವನು ಎರಡು ಹೆಜ್ಜೆ ದೂರದಲ್ಲಿ ನಿಂತು ವಿದಾದ್‌ರ ಮುಖವನ್ನೇ ನೋಡುತ್ತಾನೆ.

ಮೊದಲನೆಯವನು ಮೊಬೈಲು ಮುಂದೆ ಹಿಡಿದು ಅರ್ಥ ಹೇಳು ಎನ್ನುತ್ತಾನೆ. ವಿದಾದ್ ನಿಂತ ನಿಲುವಿನಲ್ಲೇ ಇಂಗ್ಲಿಷ್ ಕವಿತೆಯೊಂದನ್ನು ಕಟ್ಟುತ್ತಾರೆ. "ಅವನಿಗೆ ಏನೇನು ಬೇಕು ಅಂತ ನಂಗೆ ಗೊತ್ತಿತ್ತು," ಎಂದು ಆಮೇಲೆ ನೆನೆಯುತ್ತಾರೆ. "ಚಂದ್ರನ್ನ ಹಾಕ್ದೆ, ಪಾರಿವಾಳ ಹಾಕ್ದೆ, ಅಳೋ ಅಜ್ಜಿನ ಹಾಕ್ದೆ."

ಸೈನಿಕನ ಕಣ್ಣು ತೇವವಾಗುತ್ತದೆ. ಸರಿಯಾಗಿ ಹೇಳಿದಳಾ ಎಂದು ಜೊತೆಗಾರನನ್ನು ಕೇಳುತ್ತಾನೆ. ಅರಬ್ಬಿ ಬಲ್ಲವನು ತಮ್ಮ ಭಾಷೆಯಲ್ಲಿ ಒಂದೆರಡು ಮಾತಾಡಿ ತಿರುಗಿ ಹೋಗುತ್ತಾನೆ. ಏನು ಹೇಳಿದನೋ ವಿದಾದ್‌ಗೆ ಇಂದಿಗೂ ಗೊತ್ತಿಲ್ಲ. ಬೀಗದಕೈ ಅವರ ಅಂಗೈಗೆ ಬೀಳುತ್ತದೆ, ಗೇಟು ಕಿರುಗುಟ್ಟಿ ತೆರೆಯುತ್ತದೆ.

ಬೆಟ್ಟದ ತಿರುವು ದಾಟುವವರೆಗೆ ಯಾರೂ ನಗುವುದಿಲ್ಲ. ದಾಟಿದ ಮೇಲೆ ವ್ಯಾನು ಹೋ ಎಂದು ಬಿರಿಯುತ್ತದೆ. ತಾಲೀನ್ ಒಬ್ಬಳೇ ಬಿಕ್ಕಿ ಬಿಕ್ಕಿ ಅಳುತ್ತಾಳೆ, ತನ್ನ ಬಾಯಿಂದಲೇ ಇಷ್ಟೆಲ್ಲ ಆಯಿತೆಂದು. ವಿದಾದ್ ಅವಳ ತಲೆಗೆ ಮೊಟಕಿ, ಅನಿಯಮಿತ ಕ್ರಿಯಾಪದ ಹೇಳು ಎನ್ನುತ್ತಾರೆ. ಮಂಡಿಯ ಧೂಳು ಕೊಡವುತ್ತಲೇ ಅಬು ಫಾರಿಸ್ ವೇಗ ಹೆಚ್ಚಿಸುತ್ತಾನೆ. ಪರೀಕ್ಷಾ ಕೇಂದ್ರದ ಜವಾನ ಬಾಗಿಲಿಗೆ ಕೈ ಹಾಕಿದ್ದಾಗ ಹುಡುಗಿಯರು ಓಡಿ ಒಳನುಗ್ಗುತ್ತಾರೆ.

ಹೊರಗೆ ಗೋಡೆಯ ನೆರಳಲ್ಲಿ ಕೂತ ವಿದಾದ್‌ಗೆ ಅಬು ಫಾರಿಸ್ ಚಹಾ ತಂದುಕೊಡುತ್ತಾನೆ. ಊರೆಲ್ಲ ನಿಮ್ಮ ಗೆಲುವಿನ ಮಾತೇ ಆಡುತ್ತೆ ನೋಡಿ ಎಂದರೆ ಅವರು ತಲೆಯಾಡಿಸುತ್ತಾರೆ. ಅವರ ಚಿಂತೆಯೇ ಬೇರೆ.

"ಆ ಇಂಗ್ಲಿಷ್ ಪದ್ಯಾನ ಅವನು ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡ, ಹೆಸರೂ ಕೇಳಿ ಬರ್ಕೊಂಡ. ಮೂವತ್ತು ವರ್ಷ ತೇಯ್ದು ಬರೆದಿದ್ದನ್ನ ಯಾರೂ ಓದ್ಲಿಲ್ಲ, ಅದಕ್ಕೆ ಬೇಜಾರಿಲ್ಲ ಅಬು ಫಾರಿಸ್. ಆದ್ರೆ ನಾನು ಸತ್ತ ಮೇಲೆ ನನ್ನ ಹೆಸರಲ್ಲಿ ಅದೊಂದೇ ಉಳೀದೇ ಇರ್ಲಿ."