ಟ್ರಾಮ್ ದಾರಿಯ ಹನ್ನೊಂದು ಕೋಣೆಗಳು

ಥೆಲ್ಮಾ ಗ್ರೋಗನ್ ಸಿಡ್ನಿ ರಸ್ತೆಯ ಆ ಮನೆಗೆ ಕಾಲಿಟ್ಟಾಗ ಅವಳಿಗೆ ಮೂವತ್ತೊಂಬತ್ತು ವರ್ಷ. ಕೈಯಲ್ಲಿ ಒಂದು ಸೂಟ್‌ಕೇಸು, ಎಡಗೆನ್ನೆಯ ಮೇಲೆ ಗಂಡನ ಏಟಿನ ಗುರುತು. ಕೋಣೆ ಕೇಳಲು ಬಂದವಳನ್ನು ಮಾಲೀಕ ಲೆಟ್ಸ್ ಮುದುಕ ಒಂದು ಸಲ ನೋಡಿ, ಕೆನ್ನೆಯ ಬಗ್ಗೆ ಏನೂ ಕೇಳದೆ, "ಗುಡಿಸಿ ಒರೆಸೋಕೆ ಬರುತ್ತಾ?" ಎಂದ.

"ಅದೊಂದೇ ಬರೋದು" ಎಂದಳು.

ಕೆಳಗಿನ ಹಿಂಬದಿಯ ಕೋಣೆ ಅವಳದಾಯಿತು. ಉಳಿದ ಹನ್ನೊಂದು ಕೋಣೆಗಳ ಉಸ್ತುವಾರಿ ಅವಳ ತಲೆಗೆ ಬಿತ್ತು.

ಮೆಲ್ಬರ್ನ್‌ನಲ್ಲಿ ಆಗ ಅಂಥ ಮನೆಗಳು ಬೇಕಾದಷ್ಟಿದ್ದವು. ಒಂಟಿ ಗಂಡಸರು ವಾರದ ಬಾಡಿಗೆಗೆ ಒಂದೊಂದು ಕೋಣೆ ಹಿಡಿದಿರುತ್ತಿದ್ದರು. ಹನ್ನೊಂದು ಜನಕ್ಕೆ ಎರಡು ಬಚ್ಚಲು, ಒಂದು ಅಡುಗೆಮನೆ. ಮೇಲಿನ ಮರದ ಮೊಗಸಾಲೆಗೆ ಬಂದು ನಿಂತರೆ ಹತ್ತೊಂಬತ್ತನೇ ನಂಬರಿನ ಟ್ರಾಮ್ ಕಾಲಡಿಯಲ್ಲೇ ಹಾದುಹೋದಂತೆ ಕಾಣುತ್ತಿತ್ತು. ಥೆಲ್ಮಾ ಬರುವ ಮೊದಲು ಆ ಅಡುಗೆಮನೆಯಲ್ಲಿ ಮೊಟ್ಟೆಗಾಗಿ ಹೊಡೆದಾಟ ನಡೆಯುತ್ತಿತ್ತಂತೆ. ಅವಳು ಬಂದ ತಿಂಗಳೊಳಗೆ ಪ್ರತಿಯೊಬ್ಬನಿಗೂ ಒಂದೊಂದು ಗೂಡು ಗೊತ್ತುಮಾಡಿ ಹೆಸರು ಬರೆದು ಅಂಟಿಸಿದಳು. "ಬೇರೆಯವನ ಗೂಡಿಗೆ ಕೈ ಹಾಕಿದವನು ಒಂದು ವಾರ ಬಚ್ಚಲು ತೊಳೀಬೇಕು. ಕುಡಿದು ಬಂದವನು ಮಾತಾಡದೆ ಮೆಟ್ಟಿಲು ಹತ್ತಬೇಕು" ಎಂದು ಸಾರಿದಳು. ಹಳೇ ಲಾರಿ ಡ್ರೈವರ್ ಕೆವ್, "ನಮ್ಮಮ್ಮ ಸತ್ತು ನೆಮ್ಮದಿಯಾಗಿದ್ದೆ. ಈಗ ನೋಡು, ಮತ್ತೆ ಹುಟ್ಟಿ ಬಂದ್ಲು" ಎಂದು ಗೊಣಗಿದ. ಅವನೇ ಮರುದಿನ ಮುರಿದ ನಲ್ಲಿಯನ್ನು ಸರಿಮಾಡಿಕೊಟ್ಟ.

ಸಾಲ್ವು ಚಂಟಾರ್ ಬಂದದ್ದು ಮೂರು ವರ್ಷದ ನಂತರ. ಮಾಲ್ಟಾದ ಪಕ್ಕದ ಗೋಝೋ ಎಂಬ ದ್ವೀಪದವನು. ಇಪ್ಪತ್ತಾರು ವರ್ಷ ಟ್ರಾಮಿನ ಕಂಡಕ್ಟರಾಗಿದ್ದ. ಆಮೇಲೆ ಕಂಡಕ್ಟರುಗಳನ್ನೇ ತೆಗೆದುಹಾಕಿ ಟಿಕೆಟ್ ಕೊಡುವ ಯಂತ್ರ ಕೂರಿಸಿದರು. ಮದುವೆಯಾಗಿರಲಿಲ್ಲ. ಮೇಲಿನ ಮುಂಬದಿಯ ಕೋಣೆ ಖಾಲಿ ಇದೆಯೆಂದು ತಿಳಿದು, ಕೋಟು ಹಾಕಿಕೊಂಡು, ತಲೆ ಬಾಚಿಕೊಂಡು ಬಂದ. "ಮಿಸೆಸ್ ಗ್ರೋಗನ್, ನನ್ನಿಂದ ನಿಮಗೇನೂ ತೊಂದರೆ ಆಗಲ್ಲ" ಎಂದ. ಮನೆಯವರೆಲ್ಲ ಅವಳನ್ನು ಥೆಲ್ ಎಂದು ಕೂಗುತ್ತಿದ್ದರೂ ಅವನು ಮಾತ್ರ ಕೊನೆಯವರೆಗೂ ಮಿಸೆಸ್ ಗ್ರೋಗನ್ ಎಂದೇ ಕರೆದ. ಅವಳು ಬಿಟ್ಟುಬಂದ ಗಂಡನ ಹೆಸರು ಅದು. ಆದರೆ ಸಾಲ್ವುವಿನ ಬಾಯಲ್ಲಿ ಕೇಳುವಾಗ ಅದು ಅವಳದೇ ಹೆಸರು ಅನ್ನಿಸುತ್ತಿತ್ತು.

ಸಂಜೆ ಐದಕ್ಕೆ ಇಬ್ಬರೂ ಮೊಗಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಶನಿವಾರ ಅವನು ಪಸ್ತಿತ್ಸಿ ತರುತ್ತಿದ್ದ. ಒಳಗೆ ಬಟಾಣಿ ತುಂಬಿದ, ಮುಟ್ಟಿದರೆ ಪುಡಿಯಾಗುವ ಕಡುಬು. ಕೆಳಗೆ ಟ್ರಾಮ್ ನಿಂತಾಗ ಇಳಿಯುವವರನ್ನು ನೋಡಿ, "ಆ ಹಸಿರು ಕೋಟಿನ ಹೆಂಗಸು ಇದ್ದಾಳಲ್ಲ, ನನ್ನ ಕಾಲದಲ್ಲಿ ದಿನಾ ಚಿಲ್ಲರೆ ಇಲ್ಲ ಅಂತಿದ್ದಳು, ಈಗ ಯಂತ್ರಕ್ಕೂ ಹಾಗೇ ಅಂತಾಳೇನೋ" ಎನ್ನುತ್ತಿದ್ದ. ಥೆಲ್ಮಾ ನಗುತ್ತಿದ್ದಳು. ಆ ಮನೆಗೆ ಬರುವ ಮೊದಲಿನ ಕಾಲದ ಬಗ್ಗೆ ಅವಳು ಬಾಯಿ ಬಿಟ್ಟದ್ದು ಒಂದೇ ಸಲ, ಅದೂ ಅವನೆದುರಿಗೆ. ಗಂಡ ಮಲಗುವ ಕೋಣೆಯ ಚಿಲಕವನ್ನು ಕಿತ್ತುಹಾಕಿದ್ದನೆಂದು ಹೇಳಿದಳು. ಸಾಲ್ವು ಅವಳ ಬಟ್ಟಲಿಗೆ ಇನ್ನಷ್ಟು ಚಹಾ ಬಗ್ಗಿಸಿದ.

ಹೀಗೆ ಹದಿನೇಳು ವರ್ಷ ಕಳೆಯಿತು. ಲೆಟ್ಸ್ ತೀರಿಕೊಂಡ. ಅವನ ತಂಗಿಯ ಮಗಳು ಕ್ವೀನ್ಸ್‌ಲೆಂಡಿನವಳು. ಈ ಮನೆಯನ್ನು ಕಣ್ಣಲ್ಲೂ ನೋಡದೆ ಮಾರಿದಳು. ಸಿಡ್ನಿ ರಸ್ತೆಯ ಉದ್ದಕ್ಕೂ ಆಗಲೇ ಟ್ರಾಮ್ ಹಳಿಗೆ ಮುಖಮಾಡಿ ಅಪಾರ್ಟ್‌ಮೆಂಟುಗಳು ಒಂದರ ಹಿಂದೊಂದು ಏಳುತ್ತಿದ್ದವು. ಪೀಠೋಪಕರಣದ ಅಂಗಡಿ ಹೋಯಿತು, ಟೈರಿನ ಅಂಗಡಿ ಹೋಯಿತು, ಮದುವೆ ಉಡುಪು ಹೊಲಿಯುವವರ ಅಂಗಡಿಯೂ ಹೋಯಿತು. ಈಗ ಇವರ ಸರದಿ. ಕೊಂಡವರು ಬಾಗಿಲ ಪಕ್ಕ ಪುರಸಭೆಯ ಹಳದಿ ನೋಟೀಸು ಅಂಟಿಸಿದರು: ಏಳು ಅಂತಸ್ತು, ಅರವತ್ತನಾಲ್ಕು ಮನೆ. ಅದರ ಮೇಲೆ ಒಂದು ದೊಡ್ಡ ಬಣ್ಣದ ಹಲಗೆ: 'ನಿಮ್ಮ ಬಾಗಿಲಿಗೇ ಟ್ರಾಮ್'.

ಕೆವ್ ಅದನ್ನು ಓದಿ, "ನಮಗೆ ಇಷ್ಟು ವರ್ಷ ಟ್ರಾಮು ಎಲ್ಲಿಗೆ ಬರ್ತಿತ್ತಪ್ಪಾ, ಹಿತ್ತಲಿಗಾ?" ಎಂದ.

ಪುರಸಭೆಯಲ್ಲಿ ಆಕ್ಷೇಪಣೆ ಹೇಳಲು ಥೆಲ್ಮಾಗೆ ಮೂರು ನಿಮಿಷ ಕೊಟ್ಟರು. ಇದ್ದ ಒಂದೇ ನೀಲಿ ಉಡುಪು ಹಾಕಿಕೊಂಡು ಹೋದಳು. "ಮನೆ ಬೇಡ ಅಂತ ನಾನು ಹೇಳ್ತಿಲ್ಲ. ಮನೆ ಇಲ್ಲದಿದ್ರೆ ಏನಾಗುತ್ತೆ ಅಂತ ನನಗೆ ಗೊತ್ತು. ಅರವತ್ನಾಲ್ಕು ಮನೆ ಕಟ್ಟಿ. ಅದರಲ್ಲಿ ಹನ್ನೊಂದು ಕೋಣೆ ಇವರಿಗೆ ಬಿಡಿ, ಅಷ್ಟೆ" ಎಂದಳು. ಒಬ್ಬ ತರುಣಿ ಎದ್ದು, ತಾನೂ ತನ್ನ ಗೆಳೆಯನೂ ನಾಲ್ಕು ವರ್ಷದಿಂದ ಮನೆ ಹುಡುಕುತ್ತಿರುವುದನ್ನು ಹೇಳುತ್ತ ಅತ್ತಳು. ಥೆಲ್ಮಾಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಅದೇ ಅವಳಿಗೆ ಕಷ್ಟವಾಯಿತು. ಕಟ್ಟಡಕ್ಕೆ ಒಪ್ಪಿಗೆ ಸಿಕ್ಕಿತು.

ಖಾಲಿ ಮಾಡಲು ನಾಲ್ಕು ತಿಂಗಳು. ಥೆಲ್ಮಾ ತನ್ನ ಚಿಂತೆ ಬದಿಗಿಟ್ಟು ಹನ್ನೊಂದು ಜನಕ್ಕೆ ಜಾಗ ಹುಡುಕಲು ಹೊರಟಳು. ಕಚೇರಿಯಿಂದ ಕಚೇರಿಗೆ ಅಲೆದಳು, ಫೋನ್ ಹಿಡಿದು ಗಂಟೆಗಟ್ಟಲೆ ಕಾದಳು. ಕೆವ್ ಅಣ್ಣನ ಮಗನ ಊರಿಗೆ ಹೋದ. ಇಬ್ಬರಿಗೆ ಬೇರೆ ಕಡೆ ಇಂಥದೇ ಕೋಣೆ ಸಿಕ್ಕಿತು. ಒಬ್ಬ ಹೇಳದೆ ಕೇಳದೆ ಎದ್ದು ಹೋದ. ಖಾಲಿಯಾದ ಕೋಣೆಗಳನ್ನು ಅವಳು ಅಭ್ಯಾಸಬಲದಿಂದ ಒರೆಸುತ್ತಲೇ ಇದ್ದಳು. ಒಡೆಯಲಿಕ್ಕಿರುವ ನೆಲವನ್ನು ಯಾಕೆ ಒರೆಸುತ್ತೀರಿ ಎಂದು ಅಳತೆಗೆ ಬಂದವನೊಬ್ಬ ಕೇಳಿದ್ದಕ್ಕೆ, "ಅದಿನ್ನೂ ನೆಲ ಕಣಪ್ಪ" ಎಂದಳು.

ಒಂದು ಸಂಜೆ ಚಹಾದ ಹೊತ್ತಿಗೆ ಸಾಲ್ವು ಕೋಟು ಹಾಕಿಕೊಂಡೇ ಬಂದು ಕೂತ.

"ಮಿಸೆಸ್ ಗ್ರೋಗನ್, ಕೋಬರ್ಗ್‌ನಲ್ಲಿ ನಮ್ಮೂರವನೊಬ್ಬ ಮನೆ ಬಾಡಿಗೆಗೆ ಕೊಡ್ತಾನೆ. ಇದೇ ಟ್ರಾಮಿನ ದಾರೀಲಿ. ಎರಡು ಕೋಣೆ. ನನ್ನೊಬ್ಬನ ಪಿಂಚಣಿಗೆ ಎಟುಕಲ್ಲ. ಇಬ್ಬರಾದ್ರೆ ಆಗುತ್ತೆ."

ಅವಳು ಬಟ್ಟಲು ಕೆಳಗಿಟ್ಟಳು.

"ಬೇರೆ ಬೇರೆ ಕೋಣೆ" ಎಂದು ಅವನು ಅವಸರದಿಂದ ಸೇರಿಸಿದ. "ನಿಮ್ಮ ಕೋಣೆಗೆ ಒಳಗಡೆಯಿಂದ ಚಿಲಕ ಇದೆ. ನಾನೇ ಹೋಗಿ ಹಾಕಿ ತೆಗೆದು ನೋಡ್ಕೊಂಡು ಬಂದೆ. ಗಟ್ಟಿಯಾಗಿದೆ."

ಅವನು ಒಳ್ಳೆಯವನೆಂದು ಥೆಲ್ಮಾಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೂ ಒಬ್ಬ ಗಂಡಸಿನ ಜೊತೆ ಒಂದೇ ಬೀಗದ ಕೈ ಎಂದೊಡನೆ ಅವಳಿಗೆ ಗಂಡ ಕಿತ್ತುಹಾಕಿದ ಆ ಚಿಲಕ ನೆನಪಾಯಿತು. ಅದನ್ನು ಹೇಳಿಕೊಳ್ಳಲಾರದೆ ನಕ್ಕುಬಿಟ್ಟಳು.

"ಈ ವಯಸ್ಸಲ್ಲಿ ಮತ್ತೊಬ್ಬ ಗಂಡಸಿನ ಕಾಲುಚೀಲ ಒಗೆಯೋ ಕರ್ಮ ನನಗ್ಯಾಕೆ ಸಾಲ್ವು?"

"ನನ್ನ ಕಾಲುಚೀಲ ನಾನೇ ಒಗೀತೀನಿ" ಎಂದು ಅವನೂ ನಕ್ಕ. ಬಟ್ಟಲಿನ ಚಹಾ ಮುಗಿಸಿ, "ಸರಿ, ಸರಿ. ಸುಮ್ಮನೆ ಕೇಳ್ದೆ" ಎಂದು ಎದ್ದ. ಆ ಮಾತು ಮತ್ತೆ ಬರಲಿಲ್ಲ.

ಮರುವಾರ, ಸಾಲ್ವುವಿಗೆ ಮೆಲ್ಟನ್‌ನಲ್ಲಿ ಮನೆ ಇದೆಯೆಂದು ವಸತಿ ಕಚೇರಿಯಿಂದ ಪತ್ರ ಬಂತು. ಊರಾಚೆ, ರೈಲಿನಲ್ಲಿ ಹೋಗಬೇಕು. ಒಬ್ಬರಿಗೇ ಒಂದು ಪುಟ್ಟ ಮನೆ, ಸ್ವಂತ ಅಡುಗೆಮನೆ, ಸ್ವಂತ ಬಚ್ಚಲು. ಅಂಥದು ಸಿಗುವುದೇ ಅಪರೂಪ. ಥೆಲ್ಮಾ ಆ ಪತ್ರ ಹಿಡಿದು ಮೆಟ್ಟಿಲು ಹತ್ತಿದಳು.

"ಅಲ್ಲಿ ಟ್ರಾಮ್ ಇಲ್ಲ" ಎಂದ ಸಾಲ್ವು.

"ಟ್ರಾಮ್ ಕಟ್ಕೊಂಡು ಏನ್ ಮಾಡ್ತೀರಿ? ಎಪ್ಪತ್ತೆರಡಾಯ್ತು ನಿಮಗೆ. ಬಚ್ಚಲಿಗೆ ಸಾಲಲ್ಲಿ ನಿಲ್ಲೋದು ತಪ್ಪುತ್ತಲ್ಲ. ಇದನ್ನ ಬಿಟ್ರೆ ಇನ್ನೊಂದು ಸಿಗಲ್ಲ, ನೋಡಿ ಮತ್ತೆ."

"ನೀವು ಹೇಳ್ತೀರಿ ಅಂದ್ರೆ ಹೋಗ್ತೀನಿ."

"ಹೌದು, ನಾನೇ ಹೇಳ್ತಿರೋದು" ಎಂದಳು.

ಅವಳಿಗೆ ಪ್ರೆಸ್ಟನ್‌ನಲ್ಲಿ ಒಂದು ಕೋಣೆಯ ಸರ್ಕಾರಿ ಮನೆ ಸಿಕ್ಕಿತು. ಮೊದಮೊದಲು ಸಾಲ್ವು ಪ್ರತಿ ಶನಿವಾರ ಒಂದು ರೈಲು, ಎರಡು ಟ್ರಾಮ್ ಹಿಡಿದು ಪಸ್ತಿತ್ಸಿ ಪೊಟ್ಟಣದೊಂದಿಗೆ ಬರುತ್ತಿದ್ದ. ಹೊಸ ಮನೆ ಹೇಗಿದೆ ಎಂದರೆ, "ಒಂಚೂರೂ ಸದ್ದಿಲ್ಲ" ಎನ್ನುತ್ತಿದ್ದ. ಅದನ್ನು ಅವಳು ಹೊಗಳಿಕೆ ಎಂದುಕೊಂಡಳು. ಚಳಿಗಾಲ ಬಂದಾಗ ಮಂಡಿ ನೋವೆಂದು ಬರುವುದು ಕಡಿಮೆಯಾಯಿತು. ಆಮೇಲೆ ಫೋನ್ ಮಾತ್ರ, ಸಂಜೆ ಐದಕ್ಕೆ. ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಚಹಾ ಮಾಡಿಕೊಂಡು ಕೂತು ಮಾತಾಡುತ್ತಿದ್ದರು.

ಆ ವರ್ಷ ನಡುಬೇಸಿಗೆಯ ಜನವರಿಯಲ್ಲಿ ಬಿಸಿಲು ನಲವತ್ತೆರಡು ಡಿಗ್ರಿ ಮುಟ್ಟಿತು. ಒಂದು ಸಂಜೆ ಅವನು ಫೋನ್ ಎತ್ತಲಿಲ್ಲ. ನಿದ್ದೆ ಬಂದಿರಬೇಕು ಎಂದುಕೊಂಡಳು. ಮರುದಿನವೂ ಎತ್ತಲಿಲ್ಲ. ಮೂರನೆಯ ದಿನ ಬೆಳಿಗ್ಗೆ ರೈಲು ಹತ್ತಿ ಮೆಲ್ಟನ್‌ಗೆ ಹೋದಳು. ನಿಲ್ದಾಣದಿಂದ ಬಿಸಿಲಲ್ಲಿ ಅರ್ಧ ಗಂಟೆ ನಡೆದಳು. ಬಾಗಿಲಿಗೆ ಪೊಲೀಸರು ಅಡ್ಡಪಟ್ಟಿ ಕಟ್ಟಿದ್ದರು.

ಪಕ್ಕದ ಮನೆಯ ಹೆಂಗಸು ಹೊರಗೆ ಬಂದಳು. "ನಿನ್ನೆ ತಗೊಂಡು ಹೋದ್ರು ಕಣಮ್ಮ. ಕುರ್ಚೀಲಿ ಕೂತ ಹಾಗೇ ಇದ್ರಂತೆ. ಪಶ್ಚಿಮದ ಬಿಸಿಲು ನೇರ ಹೊಡೆಯುತ್ತೆ ಈ ಮನೆಗಳಿಗೆ. ಒಳ್ಳೆ ಮುದುಕ, ದಿನಾ ಕೈ ಎತ್ತೋರು. ಹೆಸರೇನು ಅವರದು?"

ಥೆಲ್ಮಾ ಹೆಸರು ಹೇಳಿದಳು. ಎರಡು ಸಲ ಹೇಳಬೇಕಾಯಿತು.

ಪೊಲೀಸ್ ಠಾಣೆಯಲ್ಲಿ ಒಬ್ಬ ತರುಣ ಅಧಿಕಾರಿ ನೀರು ಕೊಟ್ಟು ಕೂರಿಸಿದ. ಸಂಬಂಧಿಕರು ಯಾರೂ ಸಿಕ್ಕಿಲ್ಲವೆಂದು ಹೇಳಿ, "ನೀವು ಅವರಿಗೆ ಏನಾಗಬೇಕು?" ಎಂದು ಮೆಲ್ಲಗೆ ಕೇಳಿದ.

ಅವಳು ಲೋಟದ ನೀರು ಕುಡಿದು ಮುಗಿಸಿದಳು. ಆಮೇಲೆ, "ನಮ್ಮ ಮನೆಯವರು" ಎಂದಳು. ಅವನು ಹಾಗೆಯೇ ಬರೆದುಕೊಂಡ.

ಮಣ್ಣಿಗೆ ಏಳು ಜನ ಬಂದರು. ಕೆವ್ ನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ಬಂದಿದ್ದ. ಮಾಲ್ಟಾದ ಪಾದ್ರಿ ಪ್ರಾರ್ಥನೆ ಓದಿದರು. ಹಳೆಯ ಕಂಡಕ್ಟರುಗಳಿಬ್ಬರು ಹಸಿರು ಸಮವಸ್ತ್ರದ ಟೋಪಿ ಹಾಕಿಕೊಂಡು ನಿಂತಿದ್ದರು. "ನಾನೇ ಕಳಿಸಿದ್ದು ಕೆವ್" ಎಂದಳು ಥೆಲ್ಮಾ. "ಹೋಗಿ ಅಂದೆ. ಹೋದ." ಕೆವ್ ಅವಳ ಭುಜದ ಮೇಲೆ ಕೈಯಿಟ್ಟು ಗೇಟಿನವರೆಗೂ ನಡೆದ.

ಅವನ ಸಾಮಾನಿನಲ್ಲಿ ಗೋಝೋದ ಒಂದು ವಿಳಾಸ ಸಿಕ್ಕಿತು, ತಂಗಿ ಜೊರ್ಜಾಳದು. ಥೆಲ್ಮಾ ನಾಲ್ಕು ಸಾಲು ಬರೆದು ಹಾಕಿದಳು. ಆರು ವಾರದ ಮೇಲೆ ಉತ್ತರ ಬಂತು. ಮೊಮ್ಮಗಳ ಕೈಯಲ್ಲಿ ಬರೆಸಿದ್ದು. 'ಅಣ್ಣ ಪ್ರತಿ ಕ್ರಿಸ್‌ಮಸ್‌ಗೂ ಪತ್ರ ಬರೆಯುತ್ತಿದ್ದ. ಎಲ್ಲದರಲ್ಲೂ ನಿಮ್ಮ ಸುದ್ದಿಯೇ. ಮಿಸೆಸ್ ಗ್ರೋಗನ್ ಹೀಗೆಂದರು, ಹಾಗೆಂದರು, ಇಬ್ಬರೂ ಕೂತು ಚಹಾ ಕುಡಿದೆವು ಎಂದು. ನೀವು ಯಾವಾಗ ಮದುವೆಯಾದಿರಿ ಎಂದು ಮಾತ್ರ ಅವನು ಬರೆಯಲೇ ಇಲ್ಲ. ನಾಚಿಕೆ ಅವನಿಗೆ. ನಾವೇ ಊಹಿಸಿಕೊಂಡೆವು. ಕೊನೆಯವರೆಗೂ ಅವನ ಜೊತೆ ಇದ್ದಿರಿ, ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.'

ಥೆಲ್ಮಾ ಆ ಪತ್ರವನ್ನು ಮೇಜಿನ ಮೇಲಿಟ್ಟುಕೊಂಡು ಎರಡು ದಿನ ಏನೂ ಬರೆಯಲಿಲ್ಲ. ಮೂರನೆಯ ದಿನ ಕೂತಳು. ಇಲ್ಲ, ನಾವು ಮದುವೆಯಾಗಿರಲಿಲ್ಲ ಎಂದು ಬರೆದು, ಆ ಹಾಳೆ ಹರಿದು ಹಾಕಿದಳು. ಕೊನೆಯಲ್ಲಿ ನಾನು ಜೊತೆಗಿರಲಿಲ್ಲ ಎಂದು ಬರೆದು ಅದನ್ನೂ ಹರಿದಳು. ಮುದುಕಿಗೆ ಆ ನಿಜದಿಂದ ಆಗಬೇಕಾದ್ದೇನೂ ಇರಲಿಲ್ಲ. ಅದನ್ನು ಹೊತ್ತುಕೊಳ್ಳಲು ತಾನೊಬ್ಬಳು ಸಾಕು ಅನ್ನಿಸಿತು. ಕೊನೆಗೆ, ಮಣ್ಣಿಗೆ ಯಾರ್ಯಾರು ಬಂದಿದ್ದರು, ಪಾದ್ರಿ ಮಾಲ್ಟೀಸ್ ಭಾಷೆಯಲ್ಲೇ ಪ್ರಾರ್ಥನೆ ಓದಿದರು, ಗೋರಿಯ ಪಕ್ಕ ಒಂದು ಆಲಿವ್ ಮರ ಇದೆ ಎಂದೆಲ್ಲ ಬರೆದಳು. 'ನಮ್ಮ ಮನೆಯ ಮುಂದೆಯೇ ಟ್ರಾಮ್ ಹೋಗುತ್ತಿತ್ತು, ನಿಮ್ಮಣ್ಣನಿಗೆ ಅದು ಇಷ್ಟ' ಎಂದು ಸೇರಿಸಿದಳು. ಕೆಳಗೆ ಥೆಲ್ಮಾ ಎಂದಷ್ಟೇ ಸಹಿ ಹಾಕಿ, ಅಂಚೆ ಡಬ್ಬಿಗೆ ಹಾಕಿ ಬಂದಳು.